ಅಮ್ಮನ ಹತ್ತು ನಿಮಿಷ

ನಮ್ಮ ಲಾಂಡ್ರಿಯಲ್ಲಿ ಅವನನ್ನು ಗೆರೆ ಎಂದು ಕರೆಯುತ್ತೇವೆ. ಇಸ್ತ್ರಿ ಹಾಕುವಾಗ ಪ್ಯಾಂಟಿನ ಗೆರೆಯನ್ನು ಅವನ ಹಾಗೆ ಹಿಡಿಯುವವರು ಇನ್ನೊಬ್ಬರಿಲ್ಲ. ಸೊಂಟದಿಂದ ಪಾದದವರೆಗೆ ಒಂದೇ ಗೆರೆ, ಎಲ್ಲೂ ಎರಡಾಗುವುದಿಲ್ಲ. "ಆ ಗೆರೆಯವರ ಕೈಗೇ ಕೊಡಿ" ಎಂದು ಗಿರಾಕಿಗಳು ಹೇಳಿ ಹೇಳಿ ಅದೇ ಅವನ ಹೆಸರಾಯಿತು. ಅದಕ್ಕೆ ಅವನಿಗೇನೂ ಬೇಸರವಿಲ್ಲ. ಅವನಿಗೆ ಯಾವುದಕ್ಕೂ ಬೇಗ ಬೇಸರವಾಗುವುದಿಲ್ಲ, ಬೇಗ ಖುಷಿಯೂ ಆಗುವುದಿಲ್ಲ. ಒಟ್ಟಿನಲ್ಲಿ ಬೇಗ ಎನ್ನುವ ಮಾತಿಗೂ ಆ ಮನುಷ್ಯನಿಗೂ ಆಗಿಬರುವುದಿಲ್ಲ.

ನಾನು ಅದೇ ಲಾಂಡ್ರಿಯಲ್ಲಿ ಗುಂಡಿ ಹೊಲಿಯುವವಳು. ಉದುರಿದ ಗುಂಡಿ, ಬಿಚ್ಚಿದ ಹೊಲಿಗೆ, ಹರಿದ ಜೇಬು ಎಲ್ಲ ನನ್ನ ಮೇಜಿಗೆ ಬರುತ್ತವೆ. ನನ್ನ ಮನೆಯೂ ಅವನ ಮನೆಗೆ ಅಂಟಿಕೊಂಡೇ ಇದೆ. ನಡುವೆ ಒಂದೇ ಗೋಡೆ, ಅದೂ ಎಂಥ ಗೋಡೆ ಎಂದರೆ ಆ ಕಡೆ ಚಮಚ ಬಿದ್ದರೆ ಈ ಕಡೆ ನಾನು ಬಗ್ಗಿ ಹುಡುಕುತ್ತೇನೆ. ಹಾಗಾಗಿ ಅವನ ಸಂಸಾರದ ಸುದ್ದಿಯೆಲ್ಲ ನನಗೆ ಕೇಳದೆಯೇ ಸಿಗುತ್ತದೆ. ನಿನಗೆ ಮೂಗಿನ ತುದಿಯಲ್ಲೇ ಕೋಪ ಎಂದು ಲಾಂಡ್ರಿಯ ಯಜಮಾನರು ಆಗಾಗ ಹೇಳುತ್ತಾರೆ. ಇರಬಹುದು. ದಿನವಿಡೀ ಸೂಜಿಯ ಕಣ್ಣು ಹುಡುಕುವವಳಿಗೆ ಇದ್ದಬದ್ದ ತಾಳ್ಮೆಯೆಲ್ಲ ಅಲ್ಲೇ ಖರ್ಚಾಗಿಬಿಡುತ್ತದೆ.

ಗೆರೆಯ ಹೆಂಡತಿ ಅವನಿಗೆ ತದ್ವಿರುದ್ಧ. ಮಾತು ಚುರುಕು, ಕೈ ಚುರುಕು, ನಡಿಗೆಯಂತೂ ಓಟವೇ. ಬೇಕರಿಯೊಂದರಲ್ಲಿ ಡಬ್ಬಿ ತುಂಬುವ ಕೆಲಸ ಮಾಡುತ್ತಿದ್ದಳು. ಮದುವೆಯಾದ ಹೊಸದರಲ್ಲೇ ಗಂಡನ ನಿಧಾನ ಎಂಥದ್ದೆಂದು ಅವಳಿಗೆ ಗೊತ್ತಾಯಿತು. ಬೈದು ನೋಡಿದಳು, ಮುನಿಸಿಕೊಂಡು ನೋಡಿದಳು. ಯಾವುದೂ ನಾಟಲಿಲ್ಲ. ಕೊನೆಗೆ ಒಂದು ದಿನ ಗೋಡೆಯ ಗಡಿಯಾರವನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸಿಟ್ಟು ಸುಮ್ಮನಾದಳು. ಆ ವಾರವೆಲ್ಲ ಗೆರೆ ನಮ್ಮೆಲ್ಲರಿಗಿಂತ ಮೊದಲು ಲಾಂಡ್ರಿಗೆ ಬಂದು ಮುಚ್ಚಿದ ಬಾಗಿಲಿನ ಮುಂದೆ ಪೆಚ್ಚಾಗಿ ನಿಂತಿರುತ್ತಿದ್ದ.

ಗುಟ್ಟು ಬಹಳ ದಿನ ನಿಲ್ಲಲಿಲ್ಲ. ಆದರೆ ಗೊತ್ತಾದ ಮೇಲೂ ಅವನು ಗಡಿಯಾರವನ್ನು ಮುಟ್ಟಲಿಲ್ಲ. ಅದನ್ನು ಸರಿ ಮಾಡುವಷ್ಟು ಅವಸರ ಅವನಿಗೆಲ್ಲಿಂದ ಬರಬೇಕು? ಮನಸ್ಸಿನಲ್ಲೇ ಹತ್ತು ಕಳೆಯುವುದನ್ನು ರೂಢಿಸಿಕೊಂಡ. ಅವಳು ಮುಂದಿಟ್ಟದ್ದನ್ನು ಅವನು ಹಿಂದಕ್ಕೆ ತರುವುದು, ಇದು ಆ ಮನೆಯ ದಿನನಿತ್ಯದ ಲೆಕ್ಕವಾಯಿತು. "ಅವ್ನು ಕಳೀತಾನೆ ಅಂತ ಗೊತ್ತಿದ್ದೂ ಯಾಕೆ ಹಾಗೇ ಬಿಟ್ಟಿದೀಯ, ಸರಿ ಮಾಡಬಾರದಾ?" ಎಂದು ನಾನೊಮ್ಮೆ ಕೇಳಿದ್ದಕ್ಕೆ, "ಇರ್ಲಿ ಬಿಡಕ್ಕ, ಆ ಮನುಷ್ಯಂಗೆ ತಲೆ ಓಡೋದು ಅಷ್ಟೊತ್ತೇ" ಎಂದು ನಕ್ಕಿದ್ದಳು.

ಮಗಳು ಹುಟ್ಟಿದಳು, ದೊಡ್ಡವಳಾದಳು, ಒಂದನೇ ಕ್ಲಾಸಿಗೆ ಸೇರಿದಳು. ನಾವೆಲ್ಲ ಅವಳನ್ನು ಮರಿ ಎನ್ನುತ್ತೇವೆ. ಅವಳಿಗೆ ನಾನು ಅತ್ತೆ. ಲಾಂಡ್ರಿಯ ಬೀಗದ ಕೈ ನನ್ನ ಬಳಿ ಇರುವುದರಿಂದ ನಾನು ಅವರಿಗಿಂತ ಮೊದಲೇ ಹೊರಡಬೇಕು. ನಾನು ಬಾಗಿಲಿಗೆ ಬೀಗ ಹಾಕುವ ಹೊತ್ತಿಗೆ ಪಕ್ಕದ ಮನೆಯಲ್ಲಿ ಮೂವರೂ ತಿಂಡಿಗೆ ಕುಳಿತಿರುತ್ತಿದ್ದರು. "ಹೊತ್ತಾಯ್ತು, ಏಳಿ, ಏಳಿ" ಎಂದು ಅವಳು ರಾಗ ತೆಗೆಯುತ್ತಿದ್ದಳು. ಅವನು ಗೋಡೆಯ ಕಡೆ ನೋಡಿ ಮಗಳಿಗೆ ಹೇಳುತ್ತಿದ್ದ, "ನಿಧಾನವಾಗಿ ತಿನ್ನು ಮರಿ. ನಿಮ್ಮಮ್ಮನ ಹತ್ತು ನಿಮಿಷ ಇದೆ." ದಿನವೂ ಅದೇ ಮಾತು. ಆಮೇಲೆ ಮೂವರೂ ಹೊರಡುತ್ತಿದ್ದರು. ಅವನು ಮೂಲೆಯಲ್ಲಿ ತಿರುಗಿ ಲಾಂಡ್ರಿಗೆ ಬರುತ್ತಿದ್ದ. ಅವಳು ಮಗಳನ್ನು ಶಾಲೆಯ ಗೇಟಿನವರೆಗೆ ಬಿಟ್ಟು ಬೇಕರಿಗೆ ಹೋಗುತ್ತಿದ್ದಳು. ತಾಯಿ ಇದ್ದಷ್ಟು ದಿನ ಆ ಹುಡುಗಿ ಒಂದು ದಿನವೂ ಶಾಲೆಗೆ ತಡವಾಗಿ ಹೋದದ್ದಿಲ್ಲ, ಒಂದು ದಿನವೂ ಸುಮ್ಮಸುಮ್ಮನೆ ತಪ್ಪಿಸಿದ್ದಿಲ್ಲ.

ಮರಿ ಎರಡನೇ ಕ್ಲಾಸಿಗೆ ಬಂದ ವರ್ಷ ತಾಯಿಗೆ ಜ್ವರ ಬಂತು. ಒಂದು ಜ್ವರ ಅಷ್ಟೆ. ವಾರದ ಮೊದಲ ದಿನ ಬೇಕರಿಗೆ ಹೋದವಳು, ವಾರ ಮುಗಿಯುವಷ್ಟರಲ್ಲಿ ಇರಲಿಲ್ಲ. ಆಸ್ಪತ್ರೆಯವರು ಏನೋ ಹೆಸರು ಹೇಳಿದರು. ಅದು ಗೆರೆಯ ಕಿವಿಗೆ ಬಿತ್ತೋ ಇಲ್ಲವೋ ಗೊತ್ತಿಲ್ಲ. ಕಂಬದ ಹಾಗೆ ನಿಂತಿದ್ದ. ಕೂರು ಎಂದರೆ ಕೂತ, ಏಳು ಎಂದರೆ ಎದ್ದ. ಅಳಲಿಲ್ಲ. ಮಗಳೂ ಅಪ್ಪನ ಮುಖ ನೋಡಿಕೊಂಡು ಅಳದೆ ಕೂತಿದ್ದಳು. ಅಳುವ ಕೆಲಸವನ್ನೆಲ್ಲ ಆ ದಿನ ನಾನು ಮತ್ತು ಅವನ ಅತ್ತೆ ಮಾಡಿದೆವು.

ಅವನ ಅತ್ತೆ, ಎಂದರೆ ಮರಿಯ ಅಜ್ಜಿ, ಕೆಲವು ವಾರ ಇದ್ದು ಮನೆ ನೋಡಿಕೊಂಡರು. ಅಚ್ಚುಕಟ್ಟಾದ ಹೆಂಗಸು. ಮಗಳು ಹೋದ ದುಃಖವನ್ನು ಪೊರಕೆ ಹಿಡಿದೇ ಕಳೆಯುತ್ತಿದ್ದರು. ಪಾತ್ರೆ ತಿಕ್ಕಿದರು, ಕಪಾಟು ಒರೆಸಿದರು, ಬಾಗಿಲು ಕಿರುಗುಟ್ಟುತ್ತಿತ್ತು, ಅದಕ್ಕೆ ಎಣ್ಣೆ ಬಿಟ್ಟರು. ಆಮೇಲೆ ಕಿರಿಯ ಮಗಳ ಬಾಣಂತನಕ್ಕೆಂದು ಅವರೂ ಹೊರಟುಹೋದರು.

ಗೆರೆ ಕೆಲಸಕ್ಕೆ ಬರತೊಡಗಿದ. ಬಟ್ಟೆಗೆ ನೀರು ಚಿಮುಕಿಸಿ, ಮೊದಲು ಕಾಲರು, ಆಮೇಲೆ ತೋಳು, ಆಮೇಲೆ ಬೆನ್ನು, ಎಂದಿನಂತೆಯೇ. ಪ್ಯಾಂಟಿನ ಗೆರೆ ಸ್ವಲ್ಪವೂ ಸೊಟ್ಟಗಾಗಲಿಲ್ಲ. ನನಗೆ ಅದನ್ನು ನೋಡಿದರೇ ಭಯವಾಗುತ್ತಿತ್ತು. ಕೈ ಸುಟ್ಟುಕೊಂಡರೂ ಹಾ ಎನ್ನುತ್ತಿರಲಿಲ್ಲ, ಸುಟ್ಟ ಜಾಗವನ್ನು ಬೇರೆ ಯಾರದೋ ಕೈ ನೋಡಿದ ಹಾಗೆ ನೋಡುತ್ತಿದ್ದ. ಟೀ ತಂದಿಟ್ಟರೆ ಆರಿ ಕೆನೆಗಟ್ಟುವವರೆಗೆ ಅಲ್ಲೇ ಇರುತ್ತಿತ್ತು. ಯಾರಾದರೂ ಹೆಂಡತಿಯ ಮಾತು ಎತ್ತಿದರೆ ತುಟಿಪಿಟಕ್ ಎನ್ನುತ್ತಿರಲಿಲ್ಲ. ನೀರಿನ ಬಾಟಲಿ ತೆಗೆದುಕೊಂಡು ಮುಂದಿದ್ದ ಬಟ್ಟೆಗೆ ಚಿಮುಕಿಸುತ್ತಿದ್ದ. ಅವಳ ವಿಷಯ ತಾನಾಗಿ ಅವನ ಬಾಯಿಂದ ಬಂದದ್ದನ್ನು ಲಾಂಡ್ರಿಯಲ್ಲಿ ಯಾರೂ ಕೇಳಲಿಲ್ಲ.

ಅವನು ಕೆಲಸಕ್ಕೂ ಸ್ವಲ್ಪ ತಡವಾಗಿ ಬರತೊಡಗಿದ್ದ. "ಪಾಪ, ಹೋಗ್ಲಿ ಬಿಡಿ" ಎಂದರು ಯಜಮಾನರು. ಕೆಲವು ದಿನ ಮರಿಯನ್ನೂ ಲಾಂಡ್ರಿಗೇ ಕರೆದುಕೊಂಡು ಬಂದುಬಿಡುತ್ತಿದ್ದ. ಯಾಕೆ ಎಂದರೆ ಕೆಮ್ಮು ಇತ್ತು ಎನ್ನುತ್ತಿದ್ದ. ಇನ್ನೊಂದು ದಿನ ಮೋಡ ಇತ್ತು ಎನ್ನುತ್ತಿದ್ದ. ಮೋಡಕ್ಕೂ ಶಾಲೆಗೂ ಏನು ಸಂಬಂಧ ಎಂದು ಯಾರೂ ಕೇಳಲಿಲ್ಲ. ಪಾಪ, ತಾಯಿಯಿಲ್ಲದ ಮಗು. ಹೋಟೆಲಿನಿಂದ ಬಂದ ಬಿಳಿ ಬೆಡ್‌ಶೀಟುಗಳ ಗುಡ್ಡೆಯ ಮೇಲೆ ಕೂತು ಬಿಸ್ಕತ್ತು ತಿನ್ನುತ್ತಿತ್ತು. ನಾವೆಲ್ಲ ಸರದಿಯ ಮೇಲೆ ಅದರ ತಲೆ ಸವರುತ್ತಿದ್ದೆವು. ಶಾಲೆಯಲ್ಲೂ ಹಾಗೆಯೇ ನಡೆಯುತ್ತಿತ್ತೆಂದು ಆಮೇಲೆ ತಿಳಿಯಿತು. ಗೇಟಿನ ಆಯಾ ಪಾಪ ಎನ್ನುತ್ತಿದ್ದಳು, ಹೆಡ್‌ಮೇಡಂ ಪಾಪ ಎನ್ನುತ್ತಿದ್ದರು. ಪಾಪ ಎನ್ನುವ ಒಂದು ಮಾತಿನಲ್ಲಿ ನಾವು ಊರಿನವರೆಲ್ಲ ಸೇರಿ ಆ ಮಗುವನ್ನು ಶಾಲೆಯಿಂದ ಮೆಲ್ಲಗೆ ಹೊರಗೆ ಕಳಿಸುತ್ತಿದ್ದೆವು.

ಪಾಪ ಎನ್ನದೆ ಇದ್ದವರು ಒಬ್ಬರೇ, ಎರಡನೇ ಕ್ಲಾಸಿನ ಟೀಚರು. ಒಂದು ಸಂಜೆ ಶಾಲೆ ಬಿಟ್ಟ ಮೇಲೆ ಲಾಂಡ್ರಿಗೆ ಬಂದರು. ಸಣ್ಣಗೆ, ಕಡ್ಡಿಯ ಹಾಗಿದ್ದರು. ಯಜಮಾನರು ಬಟ್ಟೆಗೆ ಕೈ ಚಾಚಿದರು. "ಬಟ್ಟೆ ಅಲ್ಲ, ಇವರ ಹತ್ರ ಮಾತಾಡ್ಬೇಕು" ಎಂದು ನೇರವಾಗಿ ಗೆರೆಯ ಮೇಜಿನ ಮುಂದೆ ಬಂದು ನಿಂತರು.

"ನಿಮ್ಮ ಮಗಳಿಗೆ ಓದೋಕೆ ಬರ್ತಾ ಇಲ್ಲ" ಎಂದರು.

"ಹೂಂ" ಎಂದ ಗೆರೆ.

"ಹೂಂ ಅಂದ್ರೆ ಆಗಲ್ಲ. ಕೇಳಿಸ್ಕೊಳ್ಳಿ. ನಮ್ಮಲ್ಲಿ ಮೊದಲ ಪೀರಿಯಡ್ಡು ಓದೋದು. ಹೊಸ ಪಾಠ ನಾನು ಅಲ್ಲೇ ತೆಗೆಯೋದು. ಒಬ್ರು ಒಂದು ಸಾಲು, ಪಕ್ಕದವರು ಮುಂದಿನ ಸಾಲು. ಉಳಿದ ಪೀರಿಯಡ್ಡೆಲ್ಲ ಅದರ ಮೇಲೇ ನಡೆಯುತ್ತೆ. ಇವಳು ಬರೋ ಹೊತ್ತಿಗೆ ಪ್ರಾರ್ಥನೆ ಮುಗಿದು ಬಾಗಿಲು ಹಾಕಿರ್ತೀವಿ. ತಡವಾಗಿ ಬಂದವರು ಆ ಪೀರಿಯಡ್ಡು ವರಾಂಡದಲ್ಲಿ."

ನನ್ನ ಕೋಪ ಮೂಗಿನಿಂದ ಬಾಯಿಗೆ ಇಳಿಯಿತು. "ತಾಯಿ ಇಲ್ದಿರೋ ಮಗೂನ ಹೊರಗೆ ನಿಲ್ಲಿಸ್ತೀರಲ್ಲ ಮೇಡಂ, ಒಳಗೆ ಬಿಟ್ರೆ ನಿಮ್ಮ ಗಂಟೇನು ಹೋಗುತ್ತೆ?" ಎಂದೆ.

ಟೀಚರು ನನ್ನ ಕಡೆ ತಿರುಗಿದರು. ಅವರಿಗೆ ಕೋಪ ಬಂದ ಹಾಗೆ ಕಾಣಲಿಲ್ಲ. "ಎಷ್ಟೋ ಸಲ ಬಿಟ್ಟೆ. ಹೆಡ್‌ಮೇಡಂ ಹತ್ರ ಬೈಸ್ಕೊಂಡೂ ಬಿಟ್ಟೆ. ಒಳಗೆ ಬಂದು ಬ್ಯಾಗ್ ಇಳಿಸಿ, ಪುಸ್ತಕ ತೆಗೆದು, ಯಾವ ಪುಟ ಅಂತ ಪಕ್ಕದವಳನ್ನ ಕೇಳಿ ತಿಳ್ಕೊಳ್ಳೋ ಹೊತ್ತಿಗೆ ಓದು ಎಲ್ಲೋ ಹೋಗಿರುತ್ತೆ. ಆ ದಿನ ಪೂರ್ತಿ ಅವಳು ಹುಡುಕ್ತಾನೇ ಇರ್ತಾಳೆ. ಶಾಲೆಗೆ ಬಂದ ದಿನದ ಕಥೆ ಇದು. ಬರದೇ ಇರೋ ದಿನಗಳು ಬೇರೆ ಇವೆ."

ಅವರು ಗೆರೆಯ ಕಡೆ ತಿರುಗಿದರು. "ಅವಳು ಏನ್ ಮಾಡ್ತಾಳೆ ಗೊತ್ತಾ? ವರಾಂಡದಲ್ಲಿ ನಿಂತು ಒಳಗಿನವರು ಓದೋದನ್ನ ಕೇಳಿ ಬಾಯಿಪಾಠ ಮಾಡ್ಕೋತಾಳೆ. ಮಧ್ಯಾಹ್ನ ನಾನು ಓದು ಅಂದ್ರೆ ಪುಸ್ತಕ ಹಿಡ್ಕೊಂಡು ಗಡಗಡ ಅಂತ ಹೇಳ್ತಾಳೆ. ಒಂದಕ್ಷರ ತಪ್ಪಿರಲ್ಲ. ತೆಗೆದಿರೋ ಪುಟ ಮಾತ್ರ ಬೇರೆ."

ಯಜಮಾನರು ಹಣೆ ಉಜ್ಜಿಕೊಂಡರು. ಗೆರೆ ಇಸ್ತ್ರಿ ಪೆಟ್ಟಿಗೆಯನ್ನು ಎತ್ತಿಹಿಡಿದೇ ನಿಂತಿದ್ದ.

"ವರ್ಷದ ಕೊನೆ ಬರ್ತಾ ಇದೆ" ಎಂದರು ಟೀಚರು. "ಹೀಗೇ ನಡೆದ್ರೆ ನಾನು ಅವಳನ್ನ ಮೂರನೇ ಕ್ಲಾಸಿಗೆ ಕಳಿಸಲ್ಲ. ಅವಳ ಜೊತೆಯವರೆಲ್ಲ ಹೋಗ್ತಾರೆ, ಇವಳು ಇಲ್ಲೇ ಕೂರ್ತಾಳೆ. ಕಳಿಸಿದ್ರೆ ಇನ್ನೂ ಕಷ್ಟ, ಅಲ್ಲಿ ಏನೂ ತಿಳಿಯದೆ ಬಾಯಿ ಮುಚ್ಕೊಂಡು ಕೂರ್ತಾಳೆ. ಎರಡರಲ್ಲಿ ಒಂದು ಆಗೇ ಆಗುತ್ತೆ."

"ನಾನು ಸರಿಯಾದ ಹೊತ್ತಿಗೇ ಬಿಡ್ತೀನಿ ಮೇಡಂ" ಎಂದ ಗೆರೆ. ಅವತ್ತು ಅವನು ಆಡಿದ ಮೊದಲ ಪೂರ್ತಿ ಮಾತು ಅದು.

"ಗೇಟಿಗೆ ಬಂದು ನೋಡಿದೀರಾ?"

"ಇಲ್ಲ. ಔಷಧಿ ಅಂಗಡಿ ಮೂಲೆವರೆಗೆ ಬಿಡ್ತೀನಿ. ಅಲ್ಲಿಂದ ನಾನೇ ಹೋಗ್ತೀನಿ ಅಂತಾಳೆ. ಗೇಟಿನವರೆಗೆ ಬರಬೇಡ ಅಂತಾಳೆ."

"ಮನಸ್ಸು ಸರಿ ಇಲ್ದೆ ತಡ ಮಾಡೋವ್ರನ್ನ ನಾನು ನೋಡಿದೀನಿ. ಒಂದಿನ ಅರ್ಧ ಗಂಟೆ ತಡ, ಮಾರನೇ ದಿನ ಸರಿಯಾಗೇ ಬಂದಿರ್ತಾರೆ. ನಿಮ್ಮ ಮಗಳು ಹಾಗಲ್ಲ. ದಿನಾ ಒಂದೇ ಅಳತೆ ತಡ. ಬಾಗಿಲು ಹಾಕಿ ಕೂತೆವು ಅನ್ನೋ ಹೊತ್ತಿಗೆ ಮೆಟ್ಟಿಲ ಮೇಲೆ ಚಪ್ಪಲಿ ಸದ್ದು. ನನಗೆ ಅರ್ಥ ಆಗದೇ ಇರೋದು ಅದೊಂದೇ" ಎಂದರು ಟೀಚರು.

"ಗಡಿಯಾರ ನೋಡಿಯೇ ಹೊರಡೋದು" ಎಂದ ಗೆರೆ. "ನಮ್ಮನೆ ಗಡಿಯಾರ ಹತ್ತು ನಿಮಿಷ ಮುಂದಿದೆ. ಅದನ್ನ ಕಳೆದು ಹೊರಡ್ತೀನಿ."

ಅವನು ಹೇಳಿದ್ದರಲ್ಲಿ ಟೀಚರಿಗೆ ವಿಶೇಷವೇನೂ ಕಾಣಿಸಲಿಲ್ಲ. ನನಗೆ ಮಾತ್ರ ಸೂಜಿ ಕೈಯಲ್ಲೇ ನಿಂತಿತು. ಪೊರಕೆ, ಎಣ್ಣೆ, ಒರೆಸುವ ಬಟ್ಟೆ ಹಿಡಿದು ಮನೆಯೆಲ್ಲ ಓಡಾಡಿದ ಆ ಅಜ್ಜಿ ಕಣ್ಣ ಮುಂದೆ ಬಂದರು. ಅಂಥ ಹೆಂಗಸು ತಪ್ಪು ಹೊತ್ತು ತೋರಿಸುವ ಗಡಿಯಾರವನ್ನು ಹಾಗೇ ಬಿಟ್ಟು ಹೋಗಿರುತ್ತಾರೆಯೇ?

ಟೀಚರು ಹೋದ ಮೇಲೆ ಅವತ್ತು ನಾವಿಬ್ಬರೂ ಬೇಗ ಹೊರಟೆವು. ಗೆರೆಯ ಮನೆಗೆ ಹೋಗಿ ನಾನು ಗೋಡೆಯ ಗಡಿಯಾರದ ಪಕ್ಕ ನನ್ನ ಫೋನು ಹಿಡಿದೆ. ಎರಡೂ ಒಂದೇ ಹೊತ್ತು ತೋರಿಸುತ್ತಿದ್ದವು. ಅಜ್ಜಿಗೆ ಫೋನ್ ಮಾಡಿದೆ. "ಹೌದಮ್ಮ, ನಾನೇ ಸರಿ ಮಾಡಿದ್ದು" ಎಂದರು ಅವರು. ಆ ಕಡೆ ಎಳೆ ಮಗು ಅಳುತ್ತಿತ್ತು. "ಹೊಸ ಸೆಲ್ ಹಾಕಿ, ನನ್ನ ವಾಚು ನೋಡ್ಕೊಂಡು ಇಟ್ಟೆ. ಅಷ್ಟು ಮುಂದೆ ಓಡ್ತಾ ಇತ್ತು, ಯಾರೂ ನೋಡಿರಲಿಲ್ಲ. ಯಾಕೆ, ಮತ್ತೆ ಕೆಟ್ಟೋಯ್ತಾ?"

"ಇಲ್ಲ, ಚೆನ್ನಾಗೇ ಇದೆ" ಎಂದು ಫೋನ್ ಇಟ್ಟೆ. ಆ ಹಿರಿಜೀವಕ್ಕೆ ಇನ್ನೇನು ಹೇಳುವುದು? ಅವರು ಸರಿಯಾದ್ದನ್ನೇ ಮಾಡಿದ್ದರು. ಸರಿಯಾಗಿದ್ದ ಗಡಿಯಾರದಿಂದ ಇವನು ಹತ್ತು ಕಳೆಯುತ್ತಾ ಬಂದಿದ್ದ. ಯಾವ ಮನೆಯಲ್ಲೂ ಆಗದ ತಪ್ಪು, ಇವರ ಮನೆಯಲ್ಲಿ ಮಾತ್ರ ಆಗಬಹುದಾದದ್ದು. ಬೇರೆ ಹೊತ್ತಿನಲ್ಲಾಗಿದ್ದರೆ ನಾನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ.

ಮರಿ ನೆಲದ ಮೇಲೆ ಕೂತು ನಾನು ಕೊಟ್ಟಿದ್ದ ದಾರದ ಉಂಡೆಯನ್ನು ಬಿಡಿಸುತ್ತಿದ್ದಳು. ತಲೆ ಎತ್ತಿರಲಿಲ್ಲ. ನನಗೆ ಏನೋ ಅನುಮಾನ ಬಂತು.

"ಮರಿ, ಅಜ್ಜಿ ಗಡಿಯಾರ ಸರಿ ಮಾಡಿದ್ದು ನಿಂಗೆ ಗೊತ್ತಿತ್ತಾ?"

"ಹೂಂ. ಅಜ್ಜಿ ಸ್ಟೂಲ್ ಹತ್ತಿದಾಗ ನಾನೇ ಹಿಡ್ಕೊಂಡಿದ್ದು."

"ಮತ್ತೆ ಅಪ್ಪಂಗೆ ಯಾಕೆ ಹೇಳ್ಲಿಲ್ಲ?" ನನ್ನ ದನಿ ಏರಿತು. "ದಿನಾ ಹೊರಗೆ ನಿಲ್ಲೋದು ಚೆನ್ನಾಗಿತ್ತಾ?"

"ಇಲ್ಲ. ಕಾಲು ನೋಯುತ್ತೆ."

"ಅಪ್ಪನ್ನ ಗೇಟಿನವರೆಗೆ ಬರಬೇಡ ಅಂದಿದ್ದೂ ಅದಕ್ಕೇನಾ? ಮುಚ್ಚಿರೋ ಗೇಟು ನೋಡಿಬಿಡ್ತಾರೆ ಅಂತ?"

ಹೌದೆಂದು ತಲೆ ಆಡಿಸಿದಳು. ದಾರದ ಗಂಟೊಂದನ್ನು ಉಗುರಿನಲ್ಲಿ ಎಳೆಯುತ್ತಲೇ ಇದ್ದಳು. ಆಮೇಲೆ ನನಗಲ್ಲ, ಆ ಗಂಟಿಗೇ ಹೇಳುವ ಹಾಗೆ ಹೇಳಿದಳು, "ಗೊತ್ತಾದ್ರೆ ಅಪ್ಪ ಅದನ್ನ ಹೇಳೋದು ಬಿಟ್ಟುಬಿಡ್ತಾರೆ."

"ಯಾವುದನ್ನ?"

"ನಿಮ್ಮಮ್ಮನ ಹತ್ತು ನಿಮಿಷ ಇದೆ ಅನ್ನೋದನ್ನ." ಗಂಟನ್ನು ಹಲ್ಲಿನಲ್ಲಿ ಕಚ್ಚಿ ಎಳೆದಳು. "ಅಮ್ಮನ ವಿಷ್ಯ ಅಪ್ಪ ಅದೊಂದೇ ಹೇಳೋದು."

ಏಳು ವರ್ಷದ ಹುಡುಗಿ ಆ ಒಂದು ಮಾತಿಗಾಗಿ ದಿನವೂ ಬೆಳಿಗ್ಗೆ ತನ್ನ ಪಾಠವನ್ನು ಬಿಟ್ಟುಕೊಡುತ್ತಿದ್ದಳು. ನಾನು ಗೆರೆಯ ಕಡೆ ನೋಡಿದೆ. ಅವನು ಅಳಬಹುದು, ಮಗಳನ್ನು ಬಾಚಿ ತಬ್ಬಿಕೊಳ್ಳಬಹುದು ಎಂದುಕೊಂಡೆ. ಹಾಗೇನೂ ಆಗಲಿಲ್ಲ. ಬಾಗಿಲ ಪಕ್ಕದಲ್ಲಿ ನಿಂತಿದ್ದ, ನಿಂತೇ ಇದ್ದ. ಆಮೇಲೆ ಅಡುಗೆಮನೆಗೆ ಹೋಗಿ ಪಾತ್ರೆ ತೊಳೆಯತೊಡಗಿದ. ನೀರು ಬಹಳ ಹೊತ್ತು ಹರಿಯುವ ಸದ್ದು ಕೇಳಿಸಿತು. ನಾನು ಮರಿಯ ಕೈಯಿಂದ ದಾರ ತೆಗೆದುಕೊಂಡು ಆ ಗಂಟನ್ನು ಬಿಡಿಸಿಕೊಟ್ಟು ಮನೆಗೆ ಬಂದೆ.

ಮಾರನೇ ದಿನ ಬೆಳಿಗ್ಗೆ ಕಿವಿಯನ್ನೆಲ್ಲ ಗೋಡೆಗೆ ಕೊಟ್ಟು ಕೂತೆ. ಆ ಕಡೆ ತಟ್ಟೆಯ ಸದ್ದು ಬಿಟ್ಟು ಬೇರೇನೂ ಇರಲಿಲ್ಲ. ಕಳೆಯಲು ಏನೂ ಉಳಿದಿರಲಿಲ್ಲವಲ್ಲ, ಅವನು ಏನು ಹೇಳಬೇಕು? ನನಗಿಂತ ಮೊದಲೇ ಬಾಗಿಲು ತೆಗೆದು ಹೊರಟರು. ಯಜಮಾನರು ಒಂದು ದಿನ ಬೀಗದ ಮುಂದೆ ಕಾದರೆ ಸತ್ತುಹೋಗುವುದಿಲ್ಲ ಎಂದುಕೊಂಡು ನಾನೂ ಅವರ ಹಿಂದೆ ನಡೆದೆ. ಕದ್ದು ಏನಲ್ಲ, ನಾಲ್ಕು ಹೆಜ್ಜೆ ಹಿಂದೆ. ಔಷಧಿ ಅಂಗಡಿಯ ಮೂಲೆ ಬಂತು, ಅವನು ನಿಲ್ಲಲಿಲ್ಲ. ಮರಿಯೂ ಬೇಡ ಎನ್ನಲಿಲ್ಲ. ಗೇಟಿನ ಹತ್ತಿರ ಹೋದರೆ ಅದಿನ್ನೂ ತೆಗೆದೇ ಇರಲಿಲ್ಲ. ಇಬ್ಬರೂ ಹೊರಗೆ ನಿಂತರು.

ಆ ನಿಂತದ್ದನ್ನು ನೋಡಲಾಗುತ್ತಿರಲಿಲ್ಲ. ಮರಿ ತನ್ನ ಚಪ್ಪಲಿ ನೋಡುತ್ತಿದ್ದಳು. ಅವನು ಗೇಟಿನ ಸರಳು ನೋಡುತ್ತಿದ್ದ. ಅವನ ಕುತ್ತಿಗೆಯ ನರ ಎದ್ದಿತ್ತು, ಭಾರದ ಮೂಟೆ ಎತ್ತುವವನಿಗೆ ಏಳುವ ಹಾಗೆ.

"ನಿಮ್ಮಮ್ಮ" ಎಂದ. ನಿಲ್ಲಿಸಿದ. ಮರಿ ತಲೆ ಎತ್ತಿದಳು.

"ನಿಮ್ಮಮ್ಮ ಕೊಡೆ ಮರೀತಿದ್ಲು."

"ಎಲ್ಲಿ?"

"ಎಲ್ಲ ಕಡೆ. ಬಸ್ಸಲ್ಲಿ. ಬೇಕರೀಲಿ. ಒಂದ್ಸಲ ಹೊಸ ಕೊಡೆ ತಗೊಂಡು, ಆ ಕೊಡೆ ಅಂಗಡೀಲೇ ಮರೆತು ಬಂದಿದ್ಲು."

ಮರಿ ನಗಲಿಲ್ಲ. ಬಹಳ ಗಂಭೀರವಾಗಿ ಕೇಳಿದಳು, "ಆಮೇಲೆ?"

ಅಷ್ಟರಲ್ಲಿ ಆಯಾ ಬಂದು ಗೇಟು ತೆಗೆದಳು. ಬೇರೆ ಮಕ್ಕಳು ಓಡಿ ಬಂದರು, ಒಳಗೆ ಗಂಟೆ ಹೊಡೆಯಿತು. ಮರಿ ಮಾತ್ರ ಅಲ್ಲಾಡಲಿಲ್ಲ. "ಆಮೇಲೆ ಏನಾಯ್ತಪ್ಪ?" ಎಂದಳು ಮತ್ತೆ.

"ಗಂಟೆ ಆಯ್ತು, ಒಳಗೆ ಹೋಗು" ಎಂದ ಅವನು. "ಮಿಕ್ಕಿದ್ದು ನಾಳೆ ಹೇಳ್ತೀನಿ. ಬೇಗ ಬಂದ್ರೆ."

ಅವಳು ಓಡಿದಳು.

ಅಂದಿನಿಂದ ಆ ಮನೆಯಲ್ಲಿ "ಹೊತ್ತಾಯ್ತು, ಏಳು" ಎನ್ನುವವಳು ಮರಿಯೇ. ಕೆಮ್ಮಿದ್ದರೂ ಹೊರಟಳು, ಮೋಡವಿದ್ದರೂ ಹೊರಟಳು. ಒಂದು ದಿನ ಮೈ ಬಿಸಿಯಿದೆಯೆಂದು ನಾನೇ ತಡೆದರೆ ನನ್ನ ಮೇಲೆ ಹರಿಹಾಯ್ದಳು. ಗೇಟು ತೆಗೆಯುವ ಮೊದಲಿನ ಆ ಸ್ವಲ್ಪ ಹೊತ್ತಿನಲ್ಲಿ ಅವನು ಒಂದೊಂದೇ ವಿಷಯ ಹೇಳುತ್ತಿದ್ದ. ನಿಮ್ಮಮ್ಮ ಮಲಗಿದಾಗ ಒಂದು ಕಾಲು ಹೊದಿಕೆಯ ಹೊರಗೇ ಇಡುತ್ತಿದ್ದಳು. ನಿಮ್ಮಮ್ಮನಿಗೆ ಸೀಟಿ ಹೊಡೆಯಲು ಬರುತ್ತಿತ್ತು. ನಿಮ್ಮಮ್ಮ ನೀನು ಹುಟ್ಟಿದ ದಿನ ನರ್ಸಮ್ಮನ ಹತ್ತಿರ ಜಗಳವಾಡಿದ್ದಳು. ದೊಡ್ಡ ಸಂಗತಿಯೇನೂ ಇಲ್ಲ. ಹೇಳುವಾಗ ಅವನ ಮುಖವೂ ಬದಲಾಗುತ್ತಿರಲಿಲ್ಲ, ಬಟ್ಟೆ ಎಣಿಸಿಕೊಡುವವನ ಹಾಗೆ ಹೇಳುತ್ತಿದ್ದ. ಮರಿಗೆ ಅಷ್ಟೇ ಸಾಕಿತ್ತು.

ಕೆಲವು ವಾರವಾದ ಮೇಲೆ ಟೀಚರು ತಮ್ಮ ಎರಡು ಸೀರೆ ಇಸ್ತ್ರಿಗೆ ತಂದರು. "ಇನ್ನೂ ತುಂಬಾ ಎಡವುತ್ತಾಳೆ" ಎಂದರು. "ಮೊದಲಿನ ಹಾಗೆ ಗಡಗಡ ಹೇಳಲ್ಲ. ಒಂದೊಂದೇ ಅಕ್ಷರ ಕೂಡಿಸಿ ಓದ್ತಾಳೆ. ಆದ್ರೆ ಈಗ ಬೆರಳು ಸರಿಯಾದ ಸಾಲಿನ ಮೇಲಿದೆ. ಹೀಗೇ ಬರ್ತಾ ಇದ್ರೆ ಮೂರನೇ ಕ್ಲಾಸಿಗೆ ಹೋಗ್ತಾಳೆ." ಗೆರೆ ಹೂಂ ಎಂದ. ಸೀರೆಗ್ಯಾಕೆ ದುಡ್ಡು ಎಂದು ಯಜಮಾನರು ಹೇಳಿದರೂ ಆಕೆ ಕೇಳಲಿಲ್ಲ, ಕೊಟ್ಟೇ ಹೋದರು. ನನಗೆ ಆ ಹೆಂಗಸು ಇಷ್ಟವಾದದ್ದು ಆಗಲೇ.

ಗೆರೆ ಮಾತ್ರ ಇದ್ದ ಹಾಗೇ ಇದ್ದ. ಟೀ ಕೆನೆಗಟ್ಟುವುದು ನಿಲ್ಲಲಿಲ್ಲ. ಮಗಳು ದಾರಿಗೆ ಬಂದಳು, ಇವನು ಬರಲಿಲ್ಲ ಎಂದು ನಾನು ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ಒಂದು ಮಧ್ಯಾಹ್ನ, ಯಜಮಾನರು ಊಟಕ್ಕೆ ಹೋಗಿದ್ದಾಗ ಅವನು ತಾನಾಗಿ ನನ್ನ ಮೇಜಿನ ಹತ್ತಿರ ಬಂದ.

"ಅಕ್ಕ, ಮುಗೀತಾ ಬಂತು."

"ಏನು, ಹೋಟೆಲ್ ಬಟ್ಟೇನಾ?"

"ಅಲ್ಲ. ಮರಿಗೆ ಹೇಳೋದು." ಅಂಗಿಯ ಕಾಲರೊಂದನ್ನು ಬೆರಳಲ್ಲಿ ಮಡಿಸುತ್ತಾ ಬಿಡಿಸುತ್ತಾ ನಿಂತಿದ್ದ. "ಗೊತ್ತಿದ್ದಿದ್ದೆಲ್ಲ ಹೇಳಿಬಿಟ್ಟೆ. ಅತ್ತೆಗೆ ಫೋನ್ ಮಾಡಿ ಅವಳು ಚಿಕ್ಕೋಳಿದ್ದಾಗಿನ ಕಥೆ ಕೇಳ್ಕೊಂಡೆ. ಬೇಕರಿಯವರ ಹತ್ರ ಹೋಗಿ ಕೇಳ್ಕೊಂಡೆ. ಅದೂ ಆಯ್ತು. ಇಷ್ಟು ವರ್ಷ ಜೊತೆಗಿದ್ದು ನಂಗೆ ಇಷ್ಟೇನಾ ಗೊತ್ತಿದ್ದಿದ್ದು ಅನ್ಸುತ್ತೆ. ನಿಂಗೇನಾದ್ರೂ ನೆನಪಿದ್ರೆ ಕೊಡು. ನಾಳೆ ಬೆಳಿಗ್ಗೆಗೆ ಬೇಕು."

ಅರ್ಜೆಂಟ್ ಬಟ್ಟೆ ಕೇಳುವ ಗಿರಾಕಿಯ ಹಾಗೆ ಕೇಳಿದ. ಬಾಯಿಗೆ ಬೀಗ ಹಾಕಿಕೊಂಡಿದ್ದ ಮನುಷ್ಯ ಹೆಂಡತಿಯನ್ನು ಮನೆ ಮನೆಗೆ ಹೋಗಿ ಕೇಳಿಕೊಂಡು ಬರುತ್ತಿದ್ದಾನೆ, ಅದು ನನಗೆ ಗೊತ್ತೇ ಇರಲಿಲ್ಲ. ನನಗೆ ತಟ್ಟನೆ ಒಂದು ನೆನಪಾಯಿತು. ಯಾರಿಗೂ ಹೇಳಬೇಡ ಎಂದು ಅವಳು ಆಣೆಯೇನೂ ಹಾಕಿಸಿಕೊಂಡಿರಲಿಲ್ಲ.

"ಅವಳು ಮರೀನ ಸ್ಕೂಲಿಗೆ ಬಿಟ್ಟು ಈ ಬೀದೀಲೇ ಬೇಕರಿಗೆ ಹೋಗ್ತಿದ್ದಿದ್ದು" ಎಂದೆ. "ನೀನು ಬೀದಿಗೆ ಬೆನ್ನು ಮಾಡಿ ನಿಂತಿರ್ತೀಯ, ನಿಂಗೆ ಕಾಣಲ್ಲ. ನಾನು ಇಲ್ಲಿಂದ ನೋಡ್ತಿದ್ದೆ. ಎದುರುಗಡೆ, ಆ ಬೀದಿದೀಪದ ಹತ್ರ ನಿಲ್ತಿದ್ಲು."

"ಯಾಕೆ?"

"ಯಾಕೂ ಇಲ್ಲ. ನೀನು ಇಸ್ತ್ರಿ ಮಾಡೋದನ್ನ ನೋಡ್ತಿದ್ಲು. ನಾನು ನಿನ್ನ ಕರೆಯೋಕೆ ಹೋದ್ರೆ ತುಟಿ ಮೇಲೆ ಬೆರಳಿಟ್ಟು ಬೇಡ ಅಂತಿದ್ಲು. ಸ್ವಲ್ಪ ಹೊತ್ತು ನೋಡೋಳು, ಆಮೇಲೆ ಓಡೋಳು."

"ಒಂದಿನಾನಾ?"

"ದಿನಾ."

ಅವನು ತಿರುಗಿ ಬೀದಿಯ ಕಡೆ ನೋಡಿದ. ಬೀದಿದೀಪದ ಹತ್ತಿರ ಯಾರೋ ಸೈಕಲ್ಲು ನಿಲ್ಲಿಸಿ ಹೋಗಿದ್ದರು. ಅವನು ಅಲ್ಲೇ ನೋಡುತ್ತಾ ನಿಂತ. ಅವನ ಹೆಗಲು ಮೊದಲು ಒಂದು ಸಲ, ಆಮೇಲೆ ಇನ್ನೊಂದು ಸಲ ಅಲುಗಿತು. ಅವನು ಅಳುತ್ತಿದ್ದಾನೆಂದು ನನಗೆ ಅರ್ಥವಾಗಲು ಕೊಂಚ ಹೊತ್ತು ಹಿಡಿಯಿತು, ಏಕೆಂದರೆ ಅವನಿಗೆ ಅಳುವುದೂ ಸರಿಯಾಗಿ ಬರುತ್ತಿರಲಿಲ್ಲ. ನಾನು ಎದ್ದು ಹೋಗಿ ಅವನ ಮೇಜಿನ ಮೇಲೆ ಕಾಯುತ್ತಿದ್ದ ಇಸ್ತ್ರಿ ಪೆಟ್ಟಿಗೆಯ ಸ್ವಿಚ್ಚು ಆರಿಸಿ ಬಂದೆ.

ಬಹಳ ಹೊತ್ತಾದ ಮೇಲೆ ಕೈಯಲ್ಲಿದ್ದ ಅಂಗಿಯಿಂದಲೇ ಮುಖ ಒರೆಸಿಕೊಂಡ. ಗಿರಾಕಿಯ ಅಂಗಿ.

"ಇದನ್ನ ಮರಿಗೆ ಹೇಳಲ್ಲ ಅಕ್ಕ" ಎಂದ. "ಇದು ನಂಗಿರ್ಲಿ. ಅವಳಿಗೆ ಬೇರೆ ಏನಾದ್ರೂ ಕೊಡು."

ನಾನು ಸೂಜಿ ಕೆಳಗಿಟ್ಟು, ಬೆಳಿಗ್ಗೆಗೆ ಬೇಕಾದದ್ದನ್ನು ಹುಡುಕುತ್ತಾ ಕೂತೆ.